ನಿಷೇಧ ಬೇರೆ, ನಿಗಾ ಬೇರೆ

2015ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸು ಸರ್ಕಾರದ ವಾರ್ಷಿಕ ವೆಚ್ಚದ ಮಸೂದೆಯೊಳಗೆ ಒಂದು ಸಣ್ಣ ಕಲಮು ಸೇರಿಸಿತು. ಮಾನವ ಭ್ರೂಣದಲ್ಲಿ ಮುಂದಿನ ತಲೆಮಾರಿಗೂ ಹರಿಯುವಂಥ ಆನುವಂಶಿಕ ಬದಲಾವಣೆ ಮಾಡುವ ಪ್ರಯೋಗಕ್ಕೆ ಯಾರಾದರೂ ಅನುಮತಿ ಕೇಳಿದರೆ, ಅರ್ಜಿ ತಲುಪಿತೆಂದು ಹಿಂಬರಹ ಕೊಡುವುದಕ್ಕೂ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಣ ಖರ್ಚು ಮಾಡಕೂಡದು. ಅಂಥ ಅರ್ಜಿ ಬಂದೇ ಇಲ್ಲವೆಂದು ತಿಳಿಯತಕ್ಕದ್ದು. ಇದು ಆ ಕಲಮಿನ ಸಾರ. ಅರ್ಜಿಯನ್ನು ಓದಿ, ತಜ್ಞರ ಮುಂದಿಟ್ಟು, ಅಪಾಯ ಹೆಚ್ಚೆಂದು ತಿರಸ್ಕರಿಸಿದ್ದರೆ ಅದೊಂದು ನಿರ್ಧಾರವಾಗುತ್ತಿತ್ತು. ಅದನ್ನು ಪ್ರಶ್ನಿಸಬಹುದಿತ್ತು, ಹೊಸ ಪುರಾವೆ ತಂದು ಮರುಪರಿಶೀಲನೆ ಕೇಳಬಹುದಿತ್ತು. ಬಂದೇ ಇಲ್ಲವೆಂದ ಮೇಲೆ ಕೇಳುವುದಾದರೂ ಯಾರನ್ನು? 2019ರಲ್ಲಿ ಒಂದು ಉಪಸಮಿತಿ ಈ ಕಲಮನ್ನು ಕೈಬಿಟ್ಟಿತ್ತು. ಕೆಲವೇ ವಾರಗಳಲ್ಲಿ ಅದು ಮತ್ತೆ ಮಸೂದೆಗೆ ಸೇರಿಕೊಂಡಿತು.

ಅದೇ 2015ರ ಫೆಬ್ರವರಿ 3ರಂದು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಹೆಚ್ಚುಕಡಿಮೆ ಇದೇ ಪ್ರಶ್ನೆಯ ಮೇಲೆ ಮತ ಹಾಕಿತು. ಮೈಟೊಕಾಂಡ್ರಿಯ ರೋಗ ಮಗುವಿಗೆ ಹರಿಯದಂತೆ ಇನ್ನೊಬ್ಬ ಹೆಂಗಸಿನ ಅಂಡಾಣುವಿನ ನೆರವು ಪಡೆಯುವ ಚಿಕಿತ್ಸೆಗೆ ಅನುಮತಿ ಕೊಡಬೇಕೆ, ಬೇಡವೆ? ಪಕ್ಷಗಳು ವಿಪ್ ಕೊಟ್ಟಿರಲಿಲ್ಲ. ಸದಸ್ಯರು ಮನಸ್ಸಾಕ್ಷಿಗೆ ತೋಚಿದಂತೆ ಮತ ಹಾಕಬಹುದಿತ್ತು. ಪರವಾಗಿ 382, ವಿರುದ್ಧವಾಗಿ 128. ಮೂರು ವಾರದ ನಂತರ ಲಾರ್ಡ್ಸ್ ಸಭೆಯಲ್ಲಿ 280ಕ್ಕೆ 48. ಜಗತ್ತಿನಲ್ಲಿ ಈ ಚಿಕಿತ್ಸೆಗೆಂದೇ ಕಾನೂನು ಬರೆದ ಮೊದಲ ದೇಶ ಬ್ರಿಟನ್.

ಹತ್ತು ವರ್ಷಗಳ ಅನುಭವವನ್ನು ಎದುರಿಗಿಟ್ಟುಕೊಂಡು ನೋಡಿದರೆ ನನಗೆ ಅನ್ನಿಸುವುದು ಇಷ್ಟು: ನಿಷೇಧ ಹೇರಿದ ಸರ್ಕಾರ ತಾನು ಕಟ್ಟುನಿಟ್ಟಾಗಿದ್ದೇನೆ ಎಂದುಕೊಳ್ಳುತ್ತದೆ, ಆದರೆ ನಿಜವಾಗಿ ಅದು ಜಾಗ ಖಾಲಿ ಮಾಡಿರುತ್ತದೆ. ಸರ್ಕಾರ ಹೊರಟುಹೋದ ಜಾಗದಲ್ಲಿ ಚಿಕಿತ್ಸೆ ನಿಲ್ಲುವುದಿಲ್ಲ. ಅದನ್ನು ನೋಡುವ ಕಣ್ಣುಗಳು ಮಾತ್ರ ಇಲ್ಲವಾಗುತ್ತವೆ. ಹಾಗೆಂದು ಅನುಮತಿ ಕೊಟ್ಟ ಸರ್ಕಾರದ ಕೆಲಸ ಅನುಮತಿಯೊಂದಿಗೆ ಮುಗಿಯಿತು ಎಂದೂ ಅಲ್ಲ. ಬ್ರಿಟನ್ ಎಡವಿದ್ದು ಅಲ್ಲಿಯೇ.

ಮೈಟೊಕಾಂಡ್ರಿಯ ಜೀವಕೋಶದ ಶಕ್ತಿಕೇಂದ್ರ ಎಂದು ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ಅದಕ್ಕೆ ತನ್ನದೇ ಆದ ಪುಟ್ಟ ಡಿಎನ್‌ಎ ಇದೆ. ಅದರಲ್ಲಿರುವುದು 37 ಜೀನ್‌ಗಳು ಮಾತ್ರ. ಕೋಶಕೇಂದ್ರದಲ್ಲಿ ಸುಮಾರು 20,000 ಇವೆ. ಕಣ್ಣಿನ ಬಣ್ಣ, ಎತ್ತರ, ಮುಖಚಹರೆ ಇವುಗಳಿಗೂ ಆ 37ಕ್ಕೂ ಸಂಬಂಧವಿಲ್ಲ. ಆದರೆ ಅವುಗಳಲ್ಲಿ ದೋಷವಿದ್ದರೆ ಹೆಚ್ಚು ಶಕ್ತಿ ಬೇಡುವ ಅಂಗಗಳು, ಎಂದರೆ ಮೆದುಳು, ಹೃದಯ, ಸ್ನಾಯು, ಕಣ್ಣು, ಒಂದೊಂದಾಗಿ ಸೋಲುತ್ತವೆ. ಲೀ ಸಿಂಡ್ರೋಮ್ ಎಂಬ ರೂಪದಲ್ಲಿ ಬಂದರೆ ನಗುತ್ತ ಆಡುತ್ತಿದ್ದ ಕೂಸು ತಿಂಗಳುಗಳಲ್ಲೇ ಕತ್ತು ನಿಲ್ಲಿಸಲಾರದಂತಾಗುತ್ತದೆ, ನುಂಗಲಾರದಂತಾಗುತ್ತದೆ. ಮೈಟೊಕಾಂಡ್ರಿಯ ರೋಗಗಳು ಸುಮಾರು 5,000ಕ್ಕೆ ಒಬ್ಬರನ್ನು ಬಾಧಿಸುತ್ತವೆ ಎಂಬುದು ಒಪ್ಪಿತವಾದ ಅಂದಾಜು. ಗುಣಪಡಿಸುವ ಔಷಧ ಇಂದಿಗೂ ಇಲ್ಲ.

ಈ ಡಿಎನ್‌ಎ ಮಗುವಿಗೆ ಬರುವುದು ತಾಯಿಯಿಂದ ಮಾತ್ರ. ಒಂದೇ ತಾಯಿಯ ಅಂಡಾಣುಗಳಲ್ಲೂ ದೋಷದ ಪ್ರಮಾಣ ಒಂದೇ ಆಗಿರುವುದಿಲ್ಲ. ಕಲ್ಲು ಬೆರೆತ ರಾಗಿಯನ್ನು ಮೂಟೆಯಿಂದ ಹಿಡಿ ಹಿಡಿಯಾಗಿ ತೆಗೆದಾಗ ಒಂದು ಹಿಡಿಯಲ್ಲಿ ಕಲ್ಲೇ ತುಂಬಿ, ಇನ್ನೊಂದರಲ್ಲಿ ಎಣಿಸುವಷ್ಟೇ ಬರುವಂತೆ, ಒಂದು ಮಗು ಗಟ್ಟಿಮುಟ್ಟಾಗಿ ಹುಟ್ಟಬಹುದು, ಅದರ ತಮ್ಮನೋ ತಂಗಿಯೋ ವಾರದೊಳಗೆ ತೀರಿಕೊಳ್ಳಬಹುದು. ದೋಷ ಕಡಿಮೆಯಿರುವ ಭ್ರೂಣವನ್ನು ಪರೀಕ್ಷಿಸಿ ಆರಿಸಿಕೊಳ್ಳುವ ದಾರಿ ಮೊದಲಿನಿಂದಲೂ ಇದೆ. ಆದರೆ ಕೆಲವು ಹೆಂಗಸರ ಅಂಡಾಣುಗಳಲ್ಲೆಲ್ಲ ದೋಷ ತುಂಬಿಕೊಂಡಿರುತ್ತದೆ. ಆರಿಸಲು ಏನೂ ಉಳಿಯುವುದಿಲ್ಲ. ಹೊಸ ಚಿಕಿತ್ಸೆ ಇರುವುದು ಇವರಿಗಾಗಿ.

ನ್ಯೂಕ್ಯಾಸಲ್‌ನಲ್ಲಿ ಅದನ್ನು ಮಾಡುವ ರೀತಿ ಹೀಗಿದೆ. ತಾಯಿಯ ಅಂಡಾಣು, ದಾನಿಯ ಅಂಡಾಣು ಎರಡನ್ನೂ ತಂದೆಯ ವೀರ್ಯಾಣುವಿನಿಂದಲೇ ಫಲಿತಗೊಳಿಸುತ್ತಾರೆ. ಕೆಲವು ಗಂಟೆಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಫಲಿತ ಅಂಡಾಣುವಿನೊಳಗೆ ಎರಡು ಮಸುಕು ವೃತ್ತಗಳು ಮೂಡುತ್ತವೆ. ಒಂದು ತಾಯಿಯದು, ಇನ್ನೊಂದು ತಂದೆಯದು, ಅವಿನ್ನೂ ಒಂದಾಗಿರುವುದಿಲ್ಲ. ಕೂದಲಿಗಿಂತ ತೆಳ್ಳಗಿನ ಗಾಜಿನ ನಳಿಗೆಯಿಂದ ಆ ಎರಡನ್ನೂ ಹೀರಿ ತೆಗೆದು, ತನ್ನ ವೃತ್ತಗಳನ್ನು ಕಳೆದುಕೊಂಡ ದಾನಿಯ ಅಂಡಾಣುವಿನೊಳಗೆ ಸೇರಿಸುತ್ತಾರೆ. ಹೀಗೆ ತೆಗೆಯುವಾಗ ಸುತ್ತಲಿನ ಕೋಶರಸವೂ ಚೂರು ಅಂಟಿಕೊಂಡು ಬರುತ್ತದೆ, ಅದರ ಜೊತೆಗೆ ತಾಯಿಯ ಹಳೆಯ ಮೈಟೊಕಾಂಡ್ರಿಯಗಳೂ ಬರುತ್ತವೆ. ಸಾಮಾನ್ಯವಾಗಿ ಅದು ಶೇ 2ಕ್ಕಿಂತ ಕಡಿಮೆ. ಇಡೀ ಚಿಕಿತ್ಸೆಯ ಅನಿಶ್ಚಿತತೆ ಆ ಚೂರಿನಲ್ಲಿದೆ. ಅದು ಹಾಗೇ ಉಳಿಯಬಹುದು, ಮಾಯವಾಗಬಹುದು, ಮಗು ಬೆಳೆದಂತೆ ತಾನೂ ಬೆಳೆಯಬಹುದು.

ಇಂಥ ಅನಿಶ್ಚಿತತೆಯನ್ನು ಬ್ರಿಟನ್ ಒಪ್ಪಿಕೊಂಡದ್ದು ಒಂದು ದಿನದ ಉತ್ಸಾಹದಲ್ಲಲ್ಲ. 1978ರಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ ಮೇಲೆ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿಗೆ ಅಧ್ಯಕ್ಷೆಯಾದವರು ವೈದ್ಯರಲ್ಲ, ಮೇರಿ ವಾರ್ನಾಕ್ ಎಂಬ ತತ್ವಶಾಸ್ತ್ರಜ್ಞೆ. 1984ರ ಅವರ ವರದಿಯ ಫಲವಾಗಿ 1990ರ ಕಾಯ್ದೆ ಬಂತು. ಆ ಕಾಯ್ದೆಯಡಿ ಎಚ್‌ಎಫ್‌ಇಎ ಎಂಬ ಸ್ವತಂತ್ರ ಪ್ರಾಧಿಕಾರ ಹುಟ್ಟಿತು. ಮಾನವ ಭ್ರೂಣವನ್ನು ಮುಟ್ಟುವ ಪ್ರತಿಯೊಂದು ಕೇಂದ್ರವೂ ಅದರಿಂದ ಪರವಾನಗಿ ಪಡೆಯಬೇಕು. 2008ರ ತಿದ್ದುಪಡಿಯಲ್ಲಿ, ಮುಂದೊಂದು ದಿನ ಮೈಟೊಕಾಂಡ್ರಿಯ ಚಿಕಿತ್ಸೆಗೆ ನಿಯಮ ತರಬಹುದು, ಆದರೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆಯಿಂದ ಮಾತ್ರ ಎಂದು ಬಾಗಿಲನ್ನು ಸ್ವಲ್ಪ ತೆರೆದಿಟ್ಟರು. 2011ರಿಂದ 2016ರವರೆಗೆ ವಿಜ್ಞಾನಿಗಳ ತಂಡ ನಾಲ್ಕು ಬಾರಿ ಪುರಾವೆಗಳನ್ನು ತೂಗಿತು. ನಡುವೆ ಸಾರ್ವಜನಿಕರ ಅಭಿಪ್ರಾಯ ಕೇಳಿದರು, ನಫೀಲ್ಡ್ ಜೈವಿಕ ನೀತಿ ಮಂಡಳಿ 2012ರಲ್ಲಿ ತನ್ನ ವರದಿ ಕೊಟ್ಟಿತು. ಕ್ಯಾಥೊಲಿಕ್ ಚರ್ಚು ಬಲವಾಗಿ ವಿರೋಧಿಸಿತು, ಇಂಗ್ಲೆಂಡಿನ ಚರ್ಚು ಇನ್ನಷ್ಟು ಸಂಶೋಧನೆಯಾಗಲಿ ಎಂದಿತು. ಈ ಮಾತುಗಳೆಲ್ಲ ದಾಖಲಾದವು, ಸದನದಲ್ಲಿ ಚರ್ಚೆಯಾದವು. ಈಶಾನ್ಯ ಇಂಗ್ಲೆಂಡಿನಲ್ಲಿ ಒಂದರ ಹಿಂದೊಂದು ಏಳು ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬರು ಎಲ್ಲರೆದುರು ತಮ್ಮ ಕತೆ ಹೇಳಿಕೊಂಡರು.

ಹೀಗೆ ಬಂದ ವ್ಯವಸ್ಥೆಯಲ್ಲಿ ಎರಡು ಬೀಗಗಳಿವೆ. ಮೊದಲನೆಯದು ಆಸ್ಪತ್ರೆಗೆ: 2017ರ ಮಾರ್ಚಿನಲ್ಲಿ ನ್ಯೂಕ್ಯಾಸಲ್ ಫರ್ಟಿಲಿಟಿ ಸೆಂಟರ್‌ಗೆ ಪರವಾನಗಿ ಸಿಕ್ಕಿತು. ಎರಡನೆಯದು ಪ್ರತಿಯೊಬ್ಬ ಹೆಂಗಸಿನ ಹೆಸರಿಗೆ. ಅವಳ ಮಗುವಿಗೆ ಗಂಭೀರ ರೋಗ ಬರುವ ಅಪಾಯ ನಿಜವಾಗಿ ದೊಡ್ಡದೇ, ಭ್ರೂಣ ಆರಿಸುವ ಹಳೆಯ ದಾರಿ ಅವಳಿಗೆ ಕೆಲಸಕ್ಕೆ ಬರುವುದಿಲ್ಲವೇ ಎಂಬುದನ್ನು ಒಂದು ಸಮಿತಿ ಕಡತ ಕಡತವಾಗಿ ಪರಿಶೀಲಿಸುತ್ತದೆ. 2025ರ ಮಧ್ಯದ ಹೊತ್ತಿಗೆ ಹೀಗೆ ಒಪ್ಪಿಗೆ ಪಡೆದವರು 35 ಮಂದಿ. ಈ ಎರಡನೆಯ ಬೀಗವೇ ನನ್ನ ದೃಷ್ಟಿಯಲ್ಲಿ ಬ್ರಿಟನ್ನಿನ ದೊಡ್ಡ ಸಾಧನೆ. ಮಕ್ಕಳಾಗದ ಯಾರಿಗೂ ಇದನ್ನು ಮಾರಲು ಅಲ್ಲಿ ಸಾಧ್ಯವಿಲ್ಲ.

ಬೀಗವಿಲ್ಲದ ಕಡೆ ಏನಾಯಿತೆಂದು ನೋಡಿ. ಲೀ ಸಿಂಡ್ರೋಮ್‌ನಿಂದ ಎರಡು ಮಕ್ಕಳನ್ನು ಕಳೆದುಕೊಂಡಿದ್ದ ಜೋರ್ಡಾನಿನ ದಂಪತಿಗೆ 2016ರ ಏಪ್ರಿಲ್‌ನಲ್ಲಿ ಗಂಡು ಮಗು ಹುಟ್ಟಿತು. ನ್ಯೂಯಾರ್ಕಿನ ವೈದ್ಯ ಜಾನ್ ಜಾಂಗ್ ಅವರ ತಂಡ ಅಲ್ಲಿ ಭ್ರೂಣ ಸಿದ್ಧಪಡಿಸಿ, ಗರ್ಭಕ್ಕೆ ಸೇರಿಸುವ ಕೆಲಸವನ್ನು ಮೆಕ್ಸಿಕೊದಲ್ಲಿ ಮಾಡಿತ್ತು. ಮೆಕ್ಸಿಕೊದಲ್ಲಿ ಇದಕ್ಕೆ ತಡೆಯಿರಲಿಲ್ಲ. ಮಗು ಆರೋಗ್ಯವಾಗಿ ಹುಟ್ಟಿತು. ಆ ತಾಯಿಯ ಸಂತೋಷವನ್ನು ಯಾರೂ ಕಡಿಮೆ ಮಾಡಿ ನೋಡಬಾರದು. ಆದರೆ ನಂತರ ತಂದೆತಾಯಿ ಮಗುವಿಗೆ ಮತ್ತೆ ಮತ್ತೆ ಪರೀಕ್ಷೆ ಬೇಡವೆಂದರು. ಅವರನ್ನು ಒಪ್ಪಿಸುವ, ಮಗುವಿನ ಆರೋಗ್ಯದ ಮೇಲೆ ಕಣ್ಣಿಡುವ ಹೊಣೆ ಯಾವ ಸರ್ಕಾರದ್ದೂ ಆಗಿರಲಿಲ್ಲ. ಮುಂದೆ ಇದೇ ತಂತ್ರವನ್ನು ಜಾಂಗ್ ಅವರು ವಯಸ್ಸಾದ ಹೆಂಗಸರಿಗೂ ಜಾಹೀರಾತು ಮಾಡತೊಡಗಿದಾಗ, 2017ರ ಆಗಸ್ಟಿನಲ್ಲಿ ಎಫ್‌ಡಿಎ ಪತ್ರ ಬರೆದು ನಿಲ್ಲಿಸಬೇಕಾಯಿತು. ಅರ್ಜಿಯನ್ನು ಕಣ್ಣೆತ್ತಿ ನೋಡಬಾರದೆಂಬ ಕಟ್ಟಳೆಗೆ ಒಳಗಾದ ಸಂಸ್ಥೆಗೆ ಕೊನೆಗೆ ಉಳಿದದ್ದು ಜಾಹೀರಾತಿಗೆ ಆಕ್ಷೇಪಿಸುವ ಅಧಿಕಾರ. ಉಕ್ರೇನಿನ ಕೀವ್ ನಗರದ ಖಾಸಗಿ ಕ್ಲಿನಿಕ್ಕೊಂದು ಇದೇ ವೇಳೆಗೆ, ಮೈಟೊಕಾಂಡ್ರಿಯ ರೋಗವೇ ಇಲ್ಲದ, ಐವಿಎಫ್‌ನಲ್ಲಿ ಸೋತ ದಂಪತಿಗಳಿಗೆ ಇದನ್ನು ಕೊಡಲಾರಂಭಿಸಿತು.

ಗ್ರೀಸ್ ಮತ್ತು ಸ್ಪೇನಿನ ತಂಡವೊಂದು ಬಂಜೆತನಕ್ಕಾಗಿ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹುಟ್ಟಿದ ಆರು ಮಕ್ಕಳಲ್ಲಿ ಐವರಲ್ಲಿ ತಾಯಿಯ ಮೈಟೊಕಾಂಡ್ರಿಯ ಶೇ 1ಕ್ಕಿಂತ ಕಡಿಮೆ ಇತ್ತು. ಆರನೆಯ ಮಗುವಿನಲ್ಲಿ, ಭ್ರೂಣವಾಗಿದ್ದಾಗ ಶೇ 1ರೊಳಗೇ ಇದ್ದದ್ದು ಹುಟ್ಟುವ ಹೊತ್ತಿಗೆ ಶೇ 30ರಿಂದ 60ರವರೆಗೆ ಏರಿತ್ತು. ಆ ತಾಯಿಗೆ ಮೈಟೊಕಾಂಡ್ರಿಯ ರೋಗವಿರಲಿಲ್ಲವಾದ್ದರಿಂದ ಮಗುವಿಗೆ ಅದರಿಂದ ತೊಂದರೆಯಿಲ್ಲ. ರೋಗವಿದ್ದ ತಾಯಿಯಾಗಿದ್ದರೆ?

ಆ ಪ್ರಶ್ನೆ ಎದ್ದಾಗ ಉತ್ತರ ಇರಬೇಕಾಗಿದ್ದದ್ದು ನ್ಯೂಕ್ಯಾಸಲ್‌ನಲ್ಲಿ. ಬ್ರಿಟನ್ನಿನ ಬಗ್ಗೆ ನನ್ನ ಅಸಮಾಧಾನ ಇಲ್ಲಿಂದ ಶುರುವಾಗುತ್ತದೆ. 2017ರಲ್ಲಿ ಪರವಾನಗಿ ಕೊಟ್ಟ ಮೇಲೆ ಆರು ವರ್ಷ ಜನರಿಗೆ ಏನೂ ತಿಳಿಯಲಿಲ್ಲ. 2023ರಲ್ಲಿ ಗಾರ್ಡಿಯನ್ ಪತ್ರಿಕೆ ಮಾಹಿತಿ ಹಕ್ಕಿನಡಿ ಕೇಳಿದಾಗ ಬಂದ ಉತ್ತರ, ಐದಕ್ಕಿಂತ ಕಡಿಮೆ ಮಕ್ಕಳು ಹುಟ್ಟಿದ್ದಾರೆ ಎಂಬುದಷ್ಟೇ. ಸರಿಯಾದ ಸಂಖ್ಯೆ ಹೇಳಿದರೆ ಕುಟುಂಬಗಳ ಗುರುತು ಸಿಕ್ಕೀತು ಎಂಬುದು ಪ್ರಾಧಿಕಾರದ ಕಾರಣ. ಕಾರಣ ಸುಳ್ಳಲ್ಲ, ಬೆರಳೆಣಿಕೆಯ ಮಕ್ಕಳ ಬೆನ್ನಿಗೆ ಕ್ಯಾಮೆರಾ ಬೀಳುವುದನ್ನು ಯಾವ ತಾಯಿಯೂ ಬಯಸಳು. ಆದರೆ ದೋಷ ಮರುಕಳಿಸುತ್ತಿದೆಯೇ ಇಲ್ಲವೇ ಎಂಬುದನ್ನು ಹೆಸರು, ಊರು, ಸಂಖ್ಯೆ ಯಾವುದನ್ನೂ ಹೇಳದೆ ತಿಳಿಸಬಹುದಿತ್ತು. ಸಂಸತ್ತಿನಲ್ಲಿ ಬಹಿರಂಗವಾಗಿ ಒಪ್ಪಿಗೆ ಪಡೆದ, ಸರ್ಕಾರಿ ಆರೋಗ್ಯ ಸೇವೆಯ ಹಣದಲ್ಲಿ ನಡೆದ ಕೆಲಸವದು. ಬೇರೆ ದೇಶಗಳಲ್ಲಿ ಇದನ್ನು ಮಾಡಿಸಿಕೊಳ್ಳಲು ಹೊರಟಿದ್ದ ಹೆಂಗಸರಿಗೂ ಆ ತಿಳಿವಳಿಕೆಯ ಅಗತ್ಯವಿತ್ತು.

ಕೊನೆಗೆ 2025ರ ಜುಲೈನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವಿವರ ಬಂತು. ಚಿಕಿತ್ಸೆಗೆ ಒಳಗಾದ 22 ಹೆಂಗಸರಲ್ಲಿ ಏಳು ಮಂದಿಗೆ ಎಂಟು ಮಕ್ಕಳು ಹುಟ್ಟಿದ್ದವು, ಒಂದು ಅವಳಿ. ನಾಲ್ಕು ಗಂಡು, ನಾಲ್ಕು ಹೆಣ್ಣು. ದೋಷದ ಪ್ರಮಾಣ ಪತ್ತೆಯೇ ಆಗದಷ್ಟರಿಂದ ಶೇ 16ರವರೆಗೆ. ರೋಗ ತಲೆದೋರಲು ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚಿರಬೇಕು. ಒಂದು ಮಗುವಿಗೆ ಹೃದಯ ಬಡಿತದ ಏರುಪೇರು, ರಕ್ತದಲ್ಲಿ ಹೆಚ್ಚಿನ ಕೊಬ್ಬು ಕಂಡು ಚಿಕಿತ್ಸೆಯಿಂದ ಹತೋಟಿಗೆ ಬಂತು. ಇನ್ನೊಂದಕ್ಕೆ ಬಂದ ಮೂರ್ಛೆಯ ತೊಂದರೆ ತಾನಾಗಿಯೇ ನಿಂತಿತು. ಎಲ್ಲರ ಬೆಳವಣಿಗೆ ಸಹಜವಾಗಿದೆ. ಸಂತೋಷದ ಸುದ್ದಿಯೇ. ಆದರೆ ಶೇ 16 ಎಂಬುದು ಸಾಮಾನ್ಯವಾಗಿ ಅಂಟಿಕೊಂಡು ಬರುವ ಶೇ 2ಕ್ಕಿಂತ ಬಹಳ ಹೆಚ್ಚು ಎಂಬುದನ್ನು ಮರೆಯುವಂತಿಲ್ಲ. ಆ ಮಕ್ಕಳ ಆರೋಗ್ಯವನ್ನು ಐದು ವರ್ಷದವರೆಗೆ ಗಮನಿಸುವ ಯೋಜನೆಯಿದೆ, ಅದೂ ತಂದೆತಾಯಿ ಒಪ್ಪಿದರೆ ಮಾತ್ರ. ನಾಲ್ಕು ಹೆಣ್ಣುಮಕ್ಕಳು ಬೆಳೆದು ತಾಯಂದಿರಾಗುವವರೆಗೆ ಈ ಪ್ರಯೋಗದ ಪೂರ್ತಿ ಉತ್ತರ ಸಿಗುವುದಿಲ್ಲ. ಅಲ್ಲಿಯವರೆಗೆ ನಿಗಾ ಚಾಚಬೇಕು. ಕುಟುಂಬಗಳನ್ನು ಬಲವಂತ ಮಾಡಲಾಗದು, ಮಾಡಲೂಬಾರದು. ಆದರೆ ಅವರು ಮತ್ತೆ ಮತ್ತೆ ಬರಲು ಇಷ್ಟಪಡುವಂತೆ ಪ್ರಯಾಣ, ತಪಾಸಣೆ, ಸಲಹೆ, ಗೌಪ್ಯತೆಗಳ ಖರ್ಚನ್ನು ಸರ್ಕಾರ ದಶಕಗಟ್ಟಲೆ ಹೊರಬೇಕು. ಅನುಮತಿ ಕೊಡುವ ದಿನವೇ ಅದಕ್ಕೆ ಹಣ ತೆಗೆದಿಡಬೇಕು.

ಚಿಕಿತ್ಸೆಯ ವಿರುದ್ಧ ಇರುವ ವಾದಗಳಲ್ಲಿ ನನಗೆ ಅತ್ಯಂತ ಗಟ್ಟಿಯೆನಿಸುವುದು ಇದು: ದಾನಿಯ ಅಂಡಾಣುವನ್ನೇ ಇಡಿಯಾಗಿ ಬಳಸಿದರೆ ಮಗು ಆರೋಗ್ಯವಾಗಿ ಹುಟ್ಟುತ್ತದೆ, ಅಪಾಯವೂ ಇಲ್ಲ, ತನ್ನದೇ ರಕ್ತದ ಮಗು ಬೇಕೆಂಬ ಹಂಬಲಕ್ಕಾಗಿ ಹುಟ್ಟಲಿರುವ ಮಗುವನ್ನು ಪ್ರಯೋಗಕ್ಕೆ ಒಡ್ಡುವುದು ನ್ಯಾಯವೇ? ಈ ವಾದಕ್ಕೆ ಸುಲಭದ ಉತ್ತರ ಇಲ್ಲ. ಆ ಹಂಬಲವನ್ನು ಪೂರೈಸುವುದು ಸರ್ಕಾರದ ಕರ್ತವ್ಯವೆಂದು ನಾನು ಹೇಳಲಾರೆ. ಆದರೆ ಅದನ್ನು ನಿಷೇಧಿಸಬೇಕಾದರೆ ಮಗುವಿಗೆ ಆಗುವ ಕೇಡು ದೊಡ್ಡದೆಂದು ತೋರಿಸಬೇಕಾಗುತ್ತದೆ. ಇದುವರೆಗಿನ ಪುರಾವೆ ಹಾಗೆ ಹೇಳುತ್ತಿಲ್ಲ. ಹೀಗೆ ಪುರಾವೆ ಅತ್ತಲೋ ಇತ್ತಲೋ ಎಂದು ತೂಗಿ ನೋಡುವ ಸ್ಥಿತಿಯಲ್ಲೇ ನಿಯಂತ್ರಕನ ಅಗತ್ಯ ಹೆಚ್ಚು. ದಂಪತಿಯ ಮುಂದೆ ದಾನಿಯ ಅಂಡಾಣು, ದತ್ತು, ಮಕ್ಕಳಿಲ್ಲದಿರುವುದು ಎಲ್ಲವನ್ನೂ ಸಮನಾಗಿ ಇಟ್ಟು, ಯಾವುದರಲ್ಲೂ ಲಾಭವಿಲ್ಲದ ಒಬ್ಬರು ಮಾತಾಡಬೇಕು. ಚಿಕಿತ್ಸೆ ಮಾರುವವರಿಂದ ಆ ಮಾತು ನಿರೀಕ್ಷಿಸಲಾಗದು.

ಆಸ್ಟ್ರೇಲಿಯ ಬ್ರಿಟನ್ನಿನಿಂದ ಕಲಿತು ಒಂದು ಹೆಜ್ಜೆ ಮುಂದೆ ಹೋಗಿದೆ. 2022ರ ಮೇವ್ಸ್ ಲಾ ಕಾಯ್ದೆ ಮೊದಲು ಸಂಶೋಧನೆ ಮತ್ತು ವೈದ್ಯಕೀಯ ಪ್ರಯೋಗ, ಅದರ ಫಲ ನೋಡಿಯೇ ಮುಂದಿನ ಹಂತ ಎನ್ನುತ್ತದೆ. ಬ್ರಿಟನ್ನಿನಲ್ಲಿ ಮಗು 16 ವರ್ಷವಾದ ಮೇಲೆ ದಾನಿಯ ಬಗ್ಗೆ ಗುರುತು ಸಿಗದಂಥ ಮಾಹಿತಿ ಮಾತ್ರ ಕೇಳಬಹುದು. ಆಸ್ಟ್ರೇಲಿಯದಲ್ಲಿ 18ಕ್ಕೆ ದಾನಿ ಯಾರೆಂದೇ ತಿಳಿಯಬಹುದು. ಮಗುವಿಗೆ ಹೆಚ್ಚು ನ್ಯಾಯ ಕೊಡುವ ಕಾನೂನು ಎರಡನೆಯದು.

ಸರ್ಕಾರದ ಪರಿಶೀಲನೆ ಕೆಟ್ಟದಾಗಿ ನಡೆದರೆ ಏನಾಗುತ್ತದೆಂದು ಭಾರತಕ್ಕೆ ಚೆನ್ನಾಗಿ ಗೊತ್ತಿರಬೇಕು. ಲೂಯಿಸ್ ಬ್ರೌನ್ ಹುಟ್ಟಿದ 70 ದಿನಗಳ ನಂತರ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ದುರ್ಗಾ ಎಂದು ಕರೆಯಲಾದ ಹೆಣ್ಣುಮಗು ಹುಟ್ಟಿತು. ಪಶ್ಚಿಮ ಬಂಗಾಳ ಸರ್ಕಾರ ವಿಚಾರಣೆಗೆ ನೇಮಿಸಿದ ಸಮಿತಿಯ ಅಧ್ಯಕ್ಷರು ರೇಡಿಯೊ ಭೌತವಿಜ್ಞಾನಿ. ಸಮಿತಿ ಮುಖೋಪಾಧ್ಯಾಯರ ಕೆಲಸವನ್ನು ನಂಬಲರ್ಹವಲ್ಲವೆಂದು ತಳ್ಳಿಹಾಕಿತು. ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಪಡೆದಿದ್ದ ವಿಜ್ಞಾನಿ ಟಿ.ಸಿ. ಆನಂದಕುಮಾರ್, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಆ ಕೀರ್ತಿ ಸಲ್ಲಬೇಕಾದದ್ದು ಅವರಿಗೇ ಎಂದು 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ತನ್ನ ಹೆಗ್ಗಳಿಕೆಯನ್ನು ತಾನೇ ಬಿಟ್ಟುಕೊಟ್ಟ ಆ ಪ್ರಾಮಾಣಿಕತೆ ದೊಡ್ಡದು. ಸತ್ಯಕ್ಕೆ ಹತ್ತೊಂಬತ್ತು ವರ್ಷ ಹಿಡಿದದ್ದು, ತೂಗಬೇಕಾದವರಿಗೆ ತೂಗುವ ಜ್ಞಾನವಿರಲಿಲ್ಲವಾದ್ದರಿಂದ.

ಆಮೇಲೆ ಎದುರು ದಿಕ್ಕಿನ ತಪ್ಪಾಯಿತು. 2008ರಲ್ಲೇ ಕರಡಾಗಿದ್ದ ಸಂತಾನೋತ್ಪತ್ತಿ ನೆರವಿನ ಮಸೂದೆ ಕಾಯ್ದೆಯಾದದ್ದು 2021ರಲ್ಲಿ. ನಡುವಿನ ವರ್ಷಗಳಲ್ಲಿ ಬಾಡಿಗೆ ತಾಯ್ತನ ಗುಜರಾತಿನ ಆನಂದ್‌ನಂಥ ಊರುಗಳಲ್ಲಿ ವ್ಯಾಪಾರವಾಗಿ ಬೆಳೆಯಿತು. ಕೊನೆಗೂ ಬಂದ ಕಾಯ್ದೆಯಲ್ಲಿ ಮೈಟೊಕಾಂಡ್ರಿಯ ಎಂಬ ಮಾತಿಲ್ಲ. ಮುಂದಿನ ತಲೆಮಾರಿಗೆ ಹರಿಯುವ ಜೀನ್ ಚಿಕಿತ್ಸೆಗೆ ಐಸಿಎಂಆರ್ ಮಾರ್ಗಸೂಚಿ ತಡೆ ಹಾಕಿದೆ. ಕೋಶಕೇಂದ್ರದ ಜೀನ್‌ಗಳನ್ನು ಮುಟ್ಟದ ಈ ಚಿಕಿತ್ಸೆ ಆ ತಡೆಯೊಳಗೆ ಬರುತ್ತದೆಯೇ ಎಂದು ಯಾರೂ ಬಿಡಿಸಿ ಹೇಳಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಹೈದರಾಬಾದಿನ ಸಿಸಿಎಂಬಿಯಲ್ಲಿ ಈ ರೋಗಗಳ ಪತ್ತೆ ಮತ್ತು ಸಂಶೋಧನೆ ವರ್ಷಗಳಿಂದ ನಡೆದಿದೆ. ಎಂದರೆ ರೋಗ ಇದೆಯೆಂದು ಹೇಳಬಲ್ಲ ವೈದ್ಯರಿದ್ದಾರೆ, ಮುಂದೇನು ಎಂದು ಕೇಳಿದರೆ ಕಾನೂನಿನಿಂದ ಉತ್ತರ ಬರುವುದಿಲ್ಲ.

ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ಮೈಟೊಕಾಂಡ್ರಿಯ ರೋಗಗಳಲ್ಲಿ ಹಲವು ಕೋಶಕೇಂದ್ರದ ಜೀನ್‌ಗಳ ದೋಷದಿಂದ, ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಗಟ್ಟಿಯಾಗಿರುವ ಕರ್ನಾಟಕದಲ್ಲಿ ಇಂಥವು ಹೆಚ್ಚು ಕಾಣಿಸಿಕೊಳ್ಳುವ ಸಾಧ್ಯತೆಯಿದೆ. ಅಂಡಾಣು ಬದಲಿಸುವ ಚಿಕಿತ್ಸೆ ಇವಕ್ಕೆ ಉಪಯೋಗವಿಲ್ಲ. ಆ ವ್ಯತ್ಯಾಸವನ್ನು ಪರೀಕ್ಷೆಯಿಂದ ಖಚಿತಪಡಿಸದೆ ಚಿಕಿತ್ಸೆ ಮಾರುವ ಕ್ಲಿನಿಕ್ ಹುಟ್ಟಿಕೊಂಡರೆ ದಂಪತಿಗಳು ಲಕ್ಷಗಟ್ಟಲೆ ಹಣ ಸುರಿದೂ ಅದೇ ರೋಗದ ಮಗುವನ್ನು ಪಡೆಯುತ್ತಾರೆ. ಇನ್ನು ದೋಷ ತಾಯಿಯ ಕಡೆಯದೇ ಎಂದು ವರದಿಯಲ್ಲಿ ಬಂತೋ, ಗಂಡನ ಮನೆಯಲ್ಲಿ ಆ ಹೆಂಗಸಿನ ಗತಿ ಏನೆಂದು ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಅವಳ ಅಕ್ಕತಂಗಿಯರ ಮದುವೆ ಮಾತುಕತೆಗೂ ಅದು ಅಡ್ಡ ಬರುತ್ತದೆ. ಆದ್ದರಿಂದ ವರದಿ ಯಾರ ಕೈಗೆ, ಯಾರ ಸಮ್ಮುಖದಲ್ಲಿ ಕೊಡಬೇಕು ಎಂಬುದೂ ಇಲ್ಲಿ ನಿಯಮದ ವಿಷಯವೇ.

ದಾನಿಯ ವಿಷಯವೂ ಹಾಗೆಯೇ. ನಮ್ಮ ಕಾಯ್ದೆಯ ಪ್ರಕಾರ 23ರಿಂದ 35 ವರ್ಷದೊಳಗಿನ ಹೆಂಗಸು ಜೀವನದಲ್ಲಿ ಒಮ್ಮೆ ಮಾತ್ರ ಅಂಡಾಣು ಕೊಡಬಹುದು, ಅವಳಿಂದ ಏಳಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಅವಳಿಗೆ 12 ತಿಂಗಳ ವಿಮೆ ಮಾಡಿಸಬೇಕು. ನ್ಯೂಕ್ಯಾಸಲ್‌ನ ನುರಿತ ಕೈಗಳಲ್ಲೂ 22 ಹೆಂಗಸರಲ್ಲಿ ಏಳು ಮಂದಿಗಷ್ಟೇ ಮಗುವಾಗಿದೆ. ಇಲ್ಲಿ ಒಂದು ಮಗುವಿಗೆ ಎಷ್ಟು ದಾನಿಗಳು ಬೇಕಾದಾರು? ಏಳರ ಮಿತಿಯನ್ನು ಸಡಿಲಿಸಿ ಎಂಬ ಒತ್ತಾಯ ಬಂದೇ ಬರುತ್ತದೆ. ಆಗ ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸಿಕೊಂಡು ಆಪರೇಷನ್ ಟೇಬಲ್ ಹತ್ತುವವರು ಯಾರು ಎಂಬುದನ್ನು ಬಾಡಿಗೆ ತಾಯ್ತನದ ಕಾಲದಲ್ಲಿ ನೋಡಿಯಾಗಿದೆ: ಗಂಡನ ಸಾಲ ತೀರಿಸಲು, ಮನೆಗೆ ಸೂರು ಹಾಕಿಸಲು ಬಂದ ಬಡ ಹೆಂಗಸರು. ಅಪರೂಪದ ಕಾಯಿಲೆಗಳ ವೈದ್ಯರು, ದಾನಿಗಳ ಪರವಾಗಿ ಮಾತಾಡಬಲ್ಲವರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಇವರೆಲ್ಲರನ್ನೂ ಕರೆಸಿ ಬಹಿರಂಗ ವಿಚಾರಣೆ ನಡೆಸುವ ಅಧಿಕಾರವನ್ನು 2021ರ ಕಾಯ್ದೆಯಡಿ ರಚನೆಯಾದ ರಾಷ್ಟ್ರೀಯ ಮಂಡಳಿಗೆ ಸ್ಪಷ್ಟವಾಗಿ ಕೊಡಬೇಕು. ಮೊದಲ ಕ್ಲಿನಿಕ್ಕಿನ ಜಾಹೀರಾತು ಕಾಣಿಸಿಕೊಳ್ಳುವ ಮುಂಚೆಯೇ ಆ ವಿಚಾರಣೆ ಮುಗಿದು, ವರದಿ ಕನ್ನಡವೂ ಸೇರಿದಂತೆ ಎಲ್ಲ ಭಾಷೆಗಳಲ್ಲಿ ಜನರ ಕೈಗೆ ಬರಬೇಕು.